ಇಚಿಲಂಪಾಡಿಗೆ ಬಾಕಿ ಉಳಿದ ಹೇಳಿಕೆ

ಸೀತು ದೊಡ್ಡಮ್ಮ ಬೇಸಗೆಯಲ್ಲಿ ಮನೆಯಲ್ಲಿ ಸಿಗುತ್ತಿದ್ದದ್ದು ಅಪರೂಪ. ಬಿಸು ಹಬ್ಬ ಕಳೆದ ಮೇಲೆ ಒಂದು ಬೆಳಗ್ಗೆ ಬಟ್ಟೆಯ ಚೀಲ, ಉದ್ದ ಹಿಡಿಯ ಕೊಡೆ, ಎಲೆ ಅಡಿಕೆಯ ಸಂಚಿ ಹಿಡಿದು ಬೆಳ್ಳಾರೆಯ ಬಸ್ಸಿಗೆ ಹೊರಟರೆಂದರೆ, ಮತ್ತೆ ಅವರು ಮನೆಯಲ್ಲಿ ನಿಲ್ಲುವುದು ಪತ್ತನಾಜೆಯ ಹೊತ್ತಿಗೆ. ನಡುವೆ ಸೀರೆ ಬದಲಿಸಲು, ಉಪ್ಪಿಗೆ ಹಾಕಿದ ಮಾವಿನ ಮಿಡಿ ಸರಿಯಾಗಿದೆಯೇ ಎಂದು ಭರಣಿಯಲ್ಲಿ ಇಣುಕಲು ಬಂದು ಹೋಗುತ್ತಿದ್ದರು, ಅಷ್ಟೆ.

ಮೇ ತಿಂಗಳ ಕೊನೆಯ ವಾರಕ್ಕೆ ಬರುವ ಪತ್ತನಾಜೆ ಕಳೆದರೆ ಮಳೆಗಾಲ ಮುಗಿಯುವವರೆಗೆ ದೈವದ ಕೆಲಸಗಳಿಗೆ ಬಿಡುವು. ಆದ್ದರಿಂದ ನಮ್ಮ ತರವಾಡು ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ದೈವಗಳಿಗೆ ಕೊಡುವ ವರ್ಷದ ಸೇವೆಯಾದ ತಂಬಿಲ ಅದಕ್ಕಿಂತ ಮೊದಲೇ ಆಗಬೇಕು. ನಮ್ಮದು ತಾಯಿಯ ಕಡೆಯಿಂದ ಸಂಬಂಧ ಹಿಡಿಯುವ ಕುಟುಂಬ. ಹೆಣ್ಣು ಮದುವೆಯಾಗಿ ಯಾವ ಊರಿಗೆ ಹೋದರೂ ತರವಾಡು ಅವಳದೇ, ಅವಳ ಮಕ್ಕಳದೇ. ಹಾಗಾಗಿ ತಂಬಿಲದ ದಿನ ಪುತ್ತೂರು, ಸುಳ್ಯ, ಕಡಬದ ಕಡೆಯಿಂದೆಲ್ಲ ಜನ ಬಂದು ಸೇರುತ್ತಿದ್ದರು. ಅವರನ್ನೆಲ್ಲ ಕರೆಯುವ ಕೆಲಸ ದೊಡ್ಡಮ್ಮನದು.

ಅದು ಅವರ ಪಾಲಿಗೆ ಬಂದದ್ದು ಹೀಗೆ. ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಮದುವೆಯಾದ ಕೆಲವೇ ವರ್ಷಗಳಲ್ಲಿ ಗಂಡ ತೀರಿಕೊಂಡರು, ಮಕ್ಕಳಿರಲಿಲ್ಲ, ತರವಾಡಿಗೆ ಮರಳಿದರು. ಅವರ ಅಣ್ಣ ತ್ಯಾಂಪಣ್ಣ ಮಾವ ಮನೆಯ ಯಜಮಾನ. ತಂಬಿಲದ ದಿನ ಗೊತ್ತುಮಾಡಿ ಮನೆಮನೆಗೆ ತಿಳಿಸುವುದು ಯಜಮಾನನ ಕೆಲಸವೇ. ಆದರೆ ಮಾವನಿಗೆ ಬಸ್ಸು ಆಗುತ್ತಿರಲಿಲ್ಲ. ಬೆಳ್ಳಾರೆ ದಾಟುವ ಮೊದಲೇ ಕಿಟಕಿಯಿಂದ ತಲೆ ಹೊರಗೆ ಹಾಕಬೇಕಾಗುತ್ತಿತ್ತು. ಒಂದು ವರ್ಷ ಅವರ ಬದಲಿಗೆ ಹೋದ ದೊಡ್ಡಮ್ಮ ಮತ್ತೆ ಆ ಕೆಲಸವನ್ನು ಯಾರಿಗೂ ಬಿಟ್ಟುಕೊಡಲಿಲ್ಲ.

ಮನೆಗೆ ಹೋಗಿ, ಕುಳಿತು, ಬಾಯಲ್ಲಿ ಕರೆಯುವುದಕ್ಕೆ ನಮ್ಮಲ್ಲಿ ಹೇಳಿಕೆ ಎನ್ನುತ್ತಾರೆ. ದೊಡ್ಡಮ್ಮನ ಹೇಳಿಕೆಗೆ ಒಂದು ಕ್ರಮವಿತ್ತು. ಅಂಗಳದಲ್ಲಿ ನಿಂತು ಏನೂ ಹೇಳುತ್ತಿರಲಿಲ್ಲ. ಕಾಲು ತೊಳೆದು ಜಗಲಿಯಲ್ಲಿ ಕುಳಿತ ಮೇಲೆ ಮನೆಯವರು ಬೆಲ್ಲ, ನೀರು ತಂದಿಡಬೇಕು. ಬೆಲ್ಲದ ತುಂಡು ಬಾಯಿಗೆ ಹಾಕಿ, ನೀರು ಕುಡಿದು, ಚೆಂಬು ಕೆಳಗಿಟ್ಟು, ಮನೆಯ ಹಿರಿಯರು ಯಾರೋ ಅವರ ಕಡೆಗೆ ತಿರುಗಿ ಹೇಳುತ್ತಿದ್ದರು: "ಇಂಥ ದಿನ ತರವಾಡಿನಲ್ಲಿ ತಂಬಿಲ ಉಂಟು. ಹಿರಿಯರಿಂದ ಹಿಡಿದು ತೊಟ್ಟಿಲ ಮಗುವಿನವರೆಗೆ ಎಲ್ಲರೂ ಬರ್ಬೇಕು. ನಿಮ್ಮ ಎಲೆ ಹಾಕಿರ್ತದೆ." ಈ ಮಾತು ಮುಗಿದ ಮೇಲೆಯೇ ಬೇರೆ ಸುದ್ದಿ, ಊಟ, ಹಲಸಿನ ಹಣ್ಣು, ಮಧ್ಯಾಹ್ನದ ನಿದ್ರೆ. ಎಲೆಯ ಮಾತು ಸುಮ್ಮನೆ ಅಂದದ್ದಲ್ಲ. ಕುಟುಂಬದ ಪ್ರತಿ ಕವಲಿನ ಹಿರಿಯ ಹೆಂಗಸಿಗೆ ಊಟದ ಸಾಲಿನಲ್ಲಿ ಒಂದು ಎಲೆ ಮೊದಲೇ ಹಾಕುತ್ತಿದ್ದರು. ಬಾರದಿದ್ದರೆ ಊಟದ ನಂತರ ಅದನ್ನು ಖಾಲಿಯಾಗಿಯೇ ಮಡಚಿ ತೆಗೆಯಬೇಕು.

ಪುತ್ತೂರಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ ಸಂಬಂಧಿ ಕೃಷ್ಣಮೋಹನ ಒಮ್ಮೆ ಸಲಹೆ ಕೊಟ್ಟ. "ದೊಡ್ಡಮ್ಮ, ಈಗ ಮದುವೆಗೂ ಕಾರ್ಡು ಉಂಟು. ಪ್ರಿಂಟ್ ಹಾಕಿಸಿ ಪೋಸ್ಟ್ ಮಾಡಿದ್ರೆ ಆಯ್ತಲ್ಲ. ಈ ಬಿಸಿಲಲ್ಲಿ ಎಂತಕ್ಕೆ ತಿರುಗುದು?"

"ನಿನ್ನ ಕಾರ್ಡು ನೀರು ಕುಡೀತದಾ?" ಎಂದರು ದೊಡ್ಡಮ್ಮ.

ಇಷ್ಟು ಕ್ರಮದವರು ಒಂದು ಮನೆಗೆ ಮಾತ್ರ ಹೋಗುತ್ತಿರಲಿಲ್ಲ. ಅದು ಇಚಿಲಂಪಾಡಿಯಲ್ಲಿದ್ದ ಚೆನ್ನು ಚಿಕ್ಕಮ್ಮನ ಮನೆ. ಚೆನ್ನು ಚಿಕ್ಕಮ್ಮ ಬೇರೆ ಯಾರೂ ಅಲ್ಲ, ದೊಡ್ಡಮ್ಮನ ಸ್ವಂತ ತಂಗಿ, ಎಲ್ಲರಿಗಿಂತ ಕಿರಿಯವರು.

ತಪ್ಪು ನಡೆದದ್ದು ಎಪ್ಪತ್ತನೆಯ ಇಸವಿಯ ಬೇಸಗೆಯಲ್ಲಿ, ಬೆಳ್ಳಾರೆಯ ಸಂತೆಯಲ್ಲಿ. ಆ ಸಲ ದೊಡ್ಡಮ್ಮನ ಪಾದಕ್ಕೆ ಮುಳ್ಳು ಹೊಕ್ಕು ಕೀವಾಗಿತ್ತು. ಎಲ್ಲ ಮನೆ ಮುಗಿಸಿ ಇಚಿಲಂಪಾಡಿ ಒಂದೇ ಉಳಿದಿತ್ತು. ಮಳೆಗಾಲಕ್ಕೆ ಒಣಮೀನು ಕೊಳ್ಳಲು ಚೆನ್ನು ಚಿಕ್ಕಮ್ಮ ಅತ್ತೆಯ ಜೊತೆ ಸಂತೆಗೆ ಬಂದಿದ್ದರು. ಕಂಡದ್ದೇ ದೊಡ್ಡಮ್ಮನಿಗೆ ಅನುಕೂಲವಾಯಿತು ಅನ್ನಿಸಿತು. ಅಂಗಡಿಯ ಎದುರೇ, ನಿಂತಲ್ಲೇ ಹೇಳಿಬಿಟ್ಟರು: "ಚೆನ್ನು, ಬರುವ ಶುಕ್ರವಾರ ತಂಬಿಲ. ಎಲ್ಲರನ್ನೂ ಕರ್ಕೊಂಡು ಬಾ. ಕಾಲಲ್ಲಿ ಮುಳ್ಳುಂಟು, ಇನ್ನು ನಿನ್ನ ಮನೆವರೆಗೆ ಬರುದಿಲ್ಲ, ಆಯ್ತಾ?"

ಚೆನ್ನು ಚಿಕ್ಕಮ್ಮನ ಅತ್ತೆ ಕೈಯಲ್ಲಿದ್ದ ಮೀನನ್ನು ಬುಟ್ಟಿಗೆ ಹಾಕಿ, ಸೊಸೆಗೆ ಮಾತ್ರವಲ್ಲ ಅಂಗಡಿಯವನಿಗೂ ಕೇಳುವಂತೆ ಹೇಳಿದರು: "ತೋಟದ ಆಳಿಗೂ ಅವನ ಮನೆಗೆ ಹೋಗಿ ಹೇಳುದು. ನಿಮ್ಮ ತರವಾಡಿನಲ್ಲಿ ಮಗಳಿಗೆ ಒಣಮೀನಿನ ಅಂಗಡಿಯಲ್ಲಿ ಹೇಳಿಕೆಯಾ?"

ಆ ವರ್ಷ ಚಿಕ್ಕಮ್ಮ ಬರಲಿಲ್ಲ. ಎಲೆಯನ್ನು ಖಾಲಿಯಾಗಿಯೇ ಮಡಚಬೇಕಾಯಿತು.

ಮುಂದಿನ ಬೇಸಗೆಯಲ್ಲಿ ದೊಡ್ಡಮ್ಮ ಮೊದಲಿಗೆ ಇಚಿಲಂಪಾಡಿಗೇ ಹೋದರು. ಕಾಲು ತೊಳೆದು ಜಗಲಿಯಲ್ಲಿ ಕುಳಿತರು. ಒಂದು ಮಗು ನೀರು ತಂದಿಟ್ಟಿತು. ಬೆಲ್ಲ ಬರಲಿಲ್ಲ. "ಅಮ್ಮ ಎಲ್ಲಿ?" ಎಂದರೆ "ಗುಡ್ಡೆಗೆ ಸೊಪ್ಪಿಗೆ ಹೋಗಿದ್ದಾರೆ" ಎಂದಿತು. ಒಳಗಿನಿಂದ ಬಳೆಯ ಸದ್ದು ಕೇಳುತ್ತಿತ್ತು. ಆ ಬಳೆ ಯಾರದೆಂದು ದೊಡ್ಡಮ್ಮನಿಗೆ ಗೊತ್ತು. ಅವರು ನೀರು ಮುಟ್ಟಲಿಲ್ಲ. ಜಗಲಿಯ ಕಂಬದ ಕಡೆಗೆ ತಿರುಗಿ, ಎಂದಿನ ಮಾತನ್ನು ಒಂದಕ್ಷರ ಬಿಡದೆ ಕಂಬಕ್ಕೆ ಹೇಳಿ, ಕೊಡೆ ಬಿಚ್ಚಿ ಹೊರಟುಬಂದರು.

ಅಲ್ಲಿಂದ ಮುಂದೆ ಇಚಿಲಂಪಾಡಿ ಅವರ ಯಾವ ದಾರಿಯಲ್ಲೂ ಬೀಳಲಿಲ್ಲ. ಎಲೆ ಮಾತ್ರ ಪ್ರತಿ ವರ್ಷ ಬೀಳುತ್ತಿತ್ತು. ಅದನ್ನು ಹಾಕುವವರೂ ಮಡಚಿ ತೆಗೆಯುವವರೂ ದೊಡ್ಡಮ್ಮನೇ.

ಎಂಬತ್ತೊಂದರ ಬೇಸಗೆ ಎಲ್ಲ ಬೇಸಗೆಗಿಂತ ಗಡಿಬಿಡಿಯದ್ದು. ದೈವದ ಕೋಣೆಯ ಮಾಡು ಬಿಚ್ಚಿ ಹೊಸ ಮರ, ಹೊಸ ಹಂಚು ಹಾಕಿದ್ದರಿಂದ, ಆ ಸಲದ ತಂಬಿಲಕ್ಕೆ ಎಲ್ಲ ಕವಲಿನವರೂ ಬರಲೇಬೇಕೆಂದು ತ್ಯಾಂಪಣ್ಣ ಮಾವ ಹೇಳಿದ್ದರು. ಅದೇ ಹೊತ್ತಿಗೆ ಕಾಲೇಜಿನ ಹುಡುಗರ ಶ್ರಮದಾನ ಶಿಬಿರ ನಮ್ಮೂರಿಗೆ ಬಂತು. ಮುಖ್ಯರಸ್ತೆಯಿಂದ ನಮ್ಮ ಮನೆಯ ಕಡೆಗಿದ್ದ ಕಾಲುದಾರಿಯನ್ನು ಅಗಲಮಾಡಿ, ಕಲ್ಲು ತೆಗೆದು, ಗುಂಡಿಗೆ ಮಣ್ಣು ತುಂಬಿ ಜೀಪು ಹೋಗುವಂತೆ ಮಾಡುವುದು ಅವರ ಕೆಲಸ. ದೊಡ್ಡಮ್ಮ ಊರಲ್ಲಿದ್ದ ದಿನಗಳಲ್ಲಿ ಅವರಿಗೆ ಮಜ್ಜಿಗೆ ಹೊತ್ತುಕೊಂಡು ಹೋಗುತ್ತಿದ್ದರು.

"ಅಜ್ಜಿ, ರಸ್ತೆ ಆದ ಮೇಲೆ ನೀವು ಕಾರು ತಗೊಳ್ಳುದಾ?" ಎಂದು ಒಬ್ಬ ತಮಾಷೆ ಮಾಡಿದ.

"ಹೌದು ಮಾರಾಯ. ನಿನ್ನನ್ನೇ ಡ್ರೈವರ್ ಮಾಡುದು. ಮೊದಲು ಆ ಕಲ್ಲು ತೆಗಿ."

ಕಣ್ಣಿನ ವಿಷಯ ಗೊತ್ತಾದದ್ದು ಕೊಲ್ಲಮೊಗ್ರಿನಲ್ಲಿ. ಆ ವರ್ಷ ಜೊತೆಗೆ ನನ್ನ ಅಕ್ಕ ದಮಯಂತಿ ಹೋಗಿದ್ದಳು. ಅಲ್ಲಿನ ಮನೆಯ ಜಗಲಿಯಲ್ಲಿ ಹುಣಸೆ ಹುಳಿ ಒಣಗಲು ಹರವಿದ್ದರು. ಬೆಲ್ಲದ ತಟ್ಟೆಯನ್ನು ಅದರ ಪಕ್ಕದಲ್ಲೇ ಇಟ್ಟರು. ದೊಡ್ಡಮ್ಮ ಕೈಚಾಚಿ ಒಂದು ಉಂಡೆ ಹುಳಿಯನ್ನು ಬಾಯಿಗೆ ಹಾಕಿಕೊಂಡರು. ಮುಖ ಬದಲಾಗಲಿಲ್ಲ. ನುಂಗಿ, ನೀರು ಕುಡಿದು, ಹೇಳಿಕೆ ಮುಗಿಸಿದರು. ಅಂಗಳ ದಾಟಿದ ಮೇಲೆ ದಮಯಂತಿ ತಡೆದು ನಿಲ್ಲಿಸಿ ಕೇಳಿದಾಗ ಒಪ್ಪಿಕೊಂಡರು. ಬಲಗಣ್ಣಿನಲ್ಲಿ ಬೆಳಕು ಮಾತ್ರ ಗೊತ್ತಾಗುತ್ತಿತ್ತು. ಎಡಗಣ್ಣಿನಲ್ಲಿ ಎಲ್ಲವೂ ಹೊಗೆಯೊಳಗೆ ಇದ್ದಂತೆ. ಬಸ್ಸುಗಳನ್ನು ಹಾರ್ನಿನಿಂದ, ಮನೆಗಳನ್ನು ನಾಯಿಯ ಬೊಗಳಿನಿಂದ ಗುರುತಿಸುತ್ತ ಎರಡು ಬೇಸಗೆ ಕಳೆದಿದ್ದರು.

"ಯಾರಿಗೂ ಹೇಳ್ಬೇಡ," ಎಂದರು. "ಈ ವರ್ಷ ಕೊನೆಗೆ ಇಚಿಲಂಪಾಡಿಗೆ ಹೋಗ್ಲಿಕ್ಕೆ ಉಂಟು. ತಪ್ಪು ನಂದು. ಕಣ್ಣು ಪೂರ್ತಿ ಹೋಗುವ ಮೊದಲು ಚೆನ್ನುವಿನ ಜಗಲಿಯಲ್ಲಿ ಕೂತು ಹೇಳಿಕೆ ಹೇಳಿ ಬರ್ಬೇಕು. ಈ ಸಲವೂ ಅವಳ ಎಲೆ ಮಡಚಲಿಕ್ಕೆ ನನ್ನಿಂದ ಆಗುದಿಲ್ಲ."

ದಮಯಂತಿ ಹೇಳದೆ ಇರಲಿಲ್ಲ. ಬೆಳ್ಳಾರೆಯ ಶಾಲೆಯಲ್ಲಿ ರಜೆಯ ಕಾಲದಲ್ಲಿ ಉಚಿತ ಕಣ್ಣಿನ ಶಿಬಿರ ನಡೆಯುವುದಿತ್ತು. ಇಚಿಲಂಪಾಡಿಗೆ ಹೋಗುವ ಮೊದಲೇ ದೊಡ್ಡಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋದೆವು. ಡಾಕ್ಟರು ಟಾರ್ಚು ಹಿಡಿದು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಈ ಸಲ ಬಲಗಣ್ಣು ಮಾಡೋಣ ಎಂದರು. ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ: "ತಂಬಿಲಕ್ಕೆ ಮೊದಲು ಬಿಡ್ತೀರಾ?" ಬಿಡುತ್ತೇವೆ ಎಂದರು.

ತರಗತಿಯ ಬೆಂಚುಗಳನ್ನು ಹೊರಗಿಟ್ಟು ನೆಲದಲ್ಲಿ ಸಾಲಾಗಿ ಚಾಪೆ ಹಾಸಿದ್ದರು. ಆಪರೇಷನ್ ಆದವರನ್ನು ಅಲ್ಲಿ ಅಂಗಾತ ಮಲಗಿಸಿ, ಮೊದಲ ಕೆಲವು ದಿನ ಎರಡೂ ಕಣ್ಣಿಗೆ ಪಟ್ಟಿ ಕಟ್ಟುತ್ತಿದ್ದರು. ಒಂದು ಕಣ್ಣು ಆಡಿದರೆ ಇನ್ನೊಂದೂ ಅದರ ಜೊತೆ ಆಡುತ್ತದೆ. ಅದಕ್ಕೇ ಎರಡಕ್ಕೂ ಪಟ್ಟಿ. ನರ್ಸು ಬಂದು ನಿಯಮ ಹೇಳಿದರು. ತಲೆ ಅಲುಗಿಸಬಾರದು, ಕೆಮ್ಮಬಾರದು, ಜೋರಾಗಿ ನಗಬಾರದು, ಅಳಬಾರದು, ಜಗಳ ಮಾಡಬಾರದು.

"ಹಾಗಾದ್ರೆ ಮನೆಯಲ್ಲೇ ಸತ್ತು ಮಲಗ್ಬಹುದಿತ್ತು," ಎಂದಿತು ಪಕ್ಕದ ಚಾಪೆ. ಅದು ಬೆಳ್ಳಾರೆ ಪೇಟೆಯ ಅಲೀಮಮ್ಮ. ಅವರ ಮಗ ಅದ್ದು ಬಾಡಿಗೆ ಜೀಪು ಓಡಿಸುತ್ತಿದ್ದ. ಹೇಳಿಕೆಯ ತಿರುಗಾಟದಲ್ಲಿ ದೊಡ್ಡಮ್ಮ ಅದರಲ್ಲಿ ಎಷ್ಟೋ ಸಲ ಕುಳಿತಿದ್ದರು. ಮುಂದಿನದ್ದೆಲ್ಲ ನನಗೆ ಗೊತ್ತಾದದ್ದು ದೊಡ್ಡಮ್ಮನ ಆರೈಕೆಗೆ ಅಲ್ಲೇ ಉಳಿದಿದ್ದ ದಮಯಂತಿಯಿಂದ, ಸ್ವಲ್ಪ ಅಲೀಮಮ್ಮನಿಂದ. ಇಬ್ಬರ ಮಾತೂ ಹೆಚ್ಚುಕಡಿಮೆ ಹೊಂದುತ್ತದೆ.

ಮರುದಿನ ಮಧ್ಯಾಹ್ನ ಅಲೀಮಮ್ಮನ ಆಚೆಯ ಚಾಪೆಗೆ ಇನ್ನೊಬ್ಬರನ್ನು ತಂದು ಮಲಗಿಸಿದರು. ದಮಯಂತಿ ಆಗ ಗಂಜಿ ತರಲು ಹೋಗಿದ್ದಳು. ಹೊಸಬರು ನೀರು ಕೇಳಿದರು. ದೊಡ್ಡಮ್ಮನ ಕೈಯಲ್ಲಿದ್ದ ಬೀಸಣಿಗೆ ನಿಂತಿತು.

"ಅಲೀಮಮ್ಮ, ನಿಮ್ಮ ಆಚೆ ಬದಿ ಯಾರು?"

"ನನ್ನ ಕಣ್ಣೂ ಕಟ್ಟಿ ಉಂಟಲ್ಲ ಸೀತಕ್ಕ! ಹೋಯ್ ಆಚೆಯವರೇ, ನಿಮಗೆ ಯಾವ ಊರು?"

"ಇಚಿಲಂಪಾಡಿ."

ಸ್ವಲ್ಪ ಹೊತ್ತು ಕಾದು ಅಲೀಮಮ್ಮ ಹೇಳಿದರು: "ಎಂತ, ಊರಿನ ಹೆಸರು ಕೇಳಿದ ಕೂಡ್ಲೆ ಇಬ್ಬರ ಬಾಯಿಗೂ ಪಟ್ಟಿ ಕಟ್ಟಿದ್ರಾ?"

ಆಗ ಆಚೆಯಿಂದ ಚೆನ್ನು ಚಿಕ್ಕಮ್ಮ ನಿಧಾನಕ್ಕೆ ಅಂದರು: "ನಿಮ್ಮ ಈಚೆಯವರ ಹತ್ರ ಒಮ್ಮೆ ಕೇಳಿ. ಕಾಲಿನ ಮುಳ್ಳು ತೆಗ್ದಾಯ್ತಾ ಅಂತ."

"ಆಗ್ಲೇ ತೆಗ್ದಾಯ್ತು ಅಂತ ಹೇಳಿ," ಎಂದರು ದೊಡ್ಡಮ್ಮ. "ಅವರ ಮನೆಗೆ ಬೆಲ್ಲ ಬಂತಾ ಅಂತ ಕೇಳಿ."

"ಅಲ್ಲಾ, ನಾನೆಂತ ಪೋಸ್ಟ್‌ಮ್ಯಾನಾ?" ಎಂದರು ಅಲೀಮಮ್ಮ. ಆದರೆ ಆ ಕೆಲಸವನ್ನು ಅವರು ಬಿಡಲಿಲ್ಲ. ಎರಡು ದಿನ ಅಕ್ಕತಂಗಿಯರು ಅವರ ಮೇಲಿಂದಲೇ ಮಾತಾಡಿದರು. ಸಂತೆ, ಒಣಮೀನು, ಬೆಲ್ಲವಿಲ್ಲದ ನೀರು, ಎಲ್ಲ ಕಥೆಯೂ ತುಂಡುತುಂಡಾಗಿ ಅವರಿಗೆ ಗೊತ್ತಾಯಿತು. ಮೂರನೆಯ ದಿನ ಅವರು ನರ್ಸಿನೊಡನೆ ಹಟ ಹಿಡಿದರು: "ಇಲ್ಲಿ ನನಗೆ ಗಾಳಿ ಇಲ್ಲ. ಎರಡೂ ಬದಿಯಿಂದ ಬಿಸಿ ಬರುದು. ನನ್ನನ್ನು ಗೋಡೆ ಬದಿಗೆ ಹಾಕಿ." ಅವರ ಚಾಪೆಯನ್ನು ಸರಿಸಿದಾಗ ಅಕ್ಕತಂಗಿಯರ ನಡುವೆ ಯಾರೂ ಇಲ್ಲದಂತಾಯಿತು.

ದಮಯಂತಿ ಒಂದೇ ಬಟ್ಟಲಿನಿಂದ ಇಬ್ಬರಿಗೂ ಸರದಿಯಲ್ಲಿ ಗಂಜಿ ಕುಡಿಸಿದಳು. ಕೊನೆಗೆ ದೊಡ್ಡಮ್ಮ ಹೇಳಿದರು: "ನಿನ್ನ ಅತ್ತೆ ಹೋದದ್ದು ತಿಳಿಸಿದ್ರಿ. ನಾನು ಬರ್ಲಿಲ್ಲ."

"ಗೊತ್ತುಂಟು."

"ಆ ದಿನ ಸಂತೆಯಲ್ಲಿ ನಾನು ಹಾಗೆ ಹೇಳ್ಬಾರ್ದಿತ್ತು ಚೆನ್ನು."

ಚಿಕ್ಕಮ್ಮ ತಡೆದು ತಡೆದು ಹೇಳಿದರು: "ನೀನು ಬಂದ ದಿನ ನಾನು ಒಳಗೇ ಇದ್ದೆ ಅಕ್ಕ. ಮನೆಯಲ್ಲಿ ಬೆಲ್ಲ ಇತ್ತು. ಡಬ್ಬಿಯ ಮುಚ್ಚಳ ತೆಗ್ದೆ, ಮತ್ತೆ ಮುಚ್ಚಿದೆ. ಅತ್ತೆ ಅಲ್ಲೇ ನಿಂತಿದ್ರು."

"ಅಳ್ಬೇಡ. ಹೊಲಿಗೆ ಬಿಡ್ತದೆ."

"ನಾನೆಲ್ಲಿ ಅಳುದು? ನಿನ್ನ ಮೂಗು ಸದ್ದು ಮಾಡುದು."

"ಇಬ್ಬರೂ ಅಳ್ಬೇಡಿ," ಎಂದರು ಗೋಡೆ ಬದಿಯಿಂದ ಅಲೀಮಮ್ಮ. "ನಿಮ್ಮ ಲೆಕ್ಕದ್ದು ನಾನು ಆಮೇಲೆ ಅಳ್ತೇನೆ. ನಂದು ನಾಳೆ ಪಟ್ಟಿ ಬಿಚ್ಚುದು."

ಇಲ್ಲಿಗೆ ಎಲ್ಲ ಸರಿಹೋಗಬೇಕಿತ್ತು. ಹೋಗಲಿಲ್ಲ. ಮರುದಿನ ಚಿಕ್ಕಮ್ಮ ಸಹಜವಾಗಿ ಕೇಳಿದರು: "ಅಕ್ಕ, ಈ ವರ್ಷ ತಂಬಿಲ ಯಾವಾಗ?"

"ಹೇಳುದಿಲ್ಲ."

"ಎಂತ?"

"ಇಲ್ಲಿ ಹೇಳುದಿಲ್ಲ. ಒಮ್ಮೆ ದಾರಿಯಲ್ಲಿ ಹೇಳಿ ಹಾಳು ಮಾಡಿದ್ದು ಸಾಕು. ನಿನ್ನ ಮನೆಗೆ ಬಂದು ಹೇಳ್ತೇನೆ."

"ಈ ಕಣ್ಣು ಕಟ್ಟಿಕೊಂಡಾ? ಕಡಬದಿಂದ ಆಚೆ ರಸ್ತೆ ಹೇಗುಂಟು ಅಂತ ಗೊತ್ತುಂಟಾ ನಿನಗೆ? ಇಲ್ಲೇ ಹೇಳು. ನಾನು ಒಪ್ಪಿಕೊಳ್ತೇನೆ. ನಮ್ಮ ಮನೆಯ ಹಿರಿಯಳು ಈಗ ನಾನೇ."

"ಶಾಲೆಯಲ್ಲಿ ಹೇಳ್ಲಿಕ್ಕೆ ಇದೆಂತ ವಾರ್ಷಿಕೋತ್ಸವವಾ?"

ಹನ್ನೊಂದು ವರ್ಷದ ಹಿಂದೆ ಮನೆಗೆ ಬಂದು ಹೇಳಲಿಲ್ಲವೆಂದು ಮುನಿಸಿಕೊಂಡವರು ಈಗ ಎಲ್ಲಾದರೂ ಹೇಳು ಎನ್ನುತ್ತಿದ್ದರು. ದಾರಿಯಲ್ಲಿ ಹೇಳಿ ಮುಗಿಸಿದವರು ಈಗ ಮನೆಯೇ ಆಗಬೇಕು ಎನ್ನುತ್ತಿದ್ದರು. ಶಿಬಿರ ಮುಗಿಯುವವರೆಗೆ ಈ ವಾದ ನಡೆಯಿತು. ನರ್ಸು ಎರಡು ಸಲ ಬಂದು ಗದರಿಸಿದರು. ತಾನು ಮಧ್ಯದಲ್ಲಿ ಇದ್ದಾಗಲೇ ವಾಸಿ ಇತ್ತು ಎಂದು ಅಲೀಮಮ್ಮ ಎಲ್ಲರಿಗೂ ಹೇಳುತ್ತಿದ್ದರು.

ಬಿಡುವ ದಿನ ಆಪರೇಷನ್ ಆದ ಕಣ್ಣಿನ ಮೇಲೆ ಹಸಿರು ಬಟ್ಟೆಯ ಮರೆ ಕಟ್ಟಿ ಇನ್ನೊಂದನ್ನು ಬಿಚ್ಚಿದರು. ಡಾಕ್ಟರು ಎಲ್ಲರನ್ನೂ ಕೂರಿಸಿ ವಿವರಿಸಿದರು. ಕಣ್ಣಿನ ಕಪ್ಪು ಗುಡ್ಡೆಯ ಅಂಚಿನಲ್ಲಿ ಸೀಳಿ ಪೊರೆ ತೆಗೆದಿದ್ದೇವೆ, ಕೂದಲಿಗಿಂತ ಸಣ್ಣ ನೂಲಿನಲ್ಲಿ ಹೊಲಿದಿದ್ದೇವೆ. ಅದು ಕೂಡಲು ನಲವತ್ತು ದಿನ ಬೇಕು. ಅಷ್ಟರೊಳಗೆ ಬಗ್ಗಿದರೆ, ಭಾರ ಎತ್ತಿದರೆ, ಹೊಂಡದ ರಸ್ತೆಯಲ್ಲಿ ಕುಲುಕಿದರೆ ಹೊಲಿಗೆ ಬಿಟ್ಟು ಕಣ್ಣೊಳಗಿನದ್ದು ಹೊರಗೆ ಬರಬಹುದು. ಮತ್ತೆ ಆ ಕಣ್ಣಿಗೆ ಯಾರೂ ಏನೂ ಮಾಡಲಾರರು. ಆದ್ದರಿಂದ ಇಲ್ಲಿಂದ ಹತ್ತಿರದ ದಾರಿಯಲ್ಲಿ ನಿಧಾನಕ್ಕೆ ಮನೆಗೆ ಹೋಗಿ, ಮನೆಯಲ್ಲೇ ಇರಿ.

ದೊಡ್ಡಮ್ಮ ಎಲ್ಲವನ್ನೂ ಗಮನವಿಟ್ಟು ಕೇಳಿದರು. ಹೊರಗೆ ಬಂದು ಅದ್ದುವಿನ ಜೀಪಿನ ಪಕ್ಕದಲ್ಲಿ ನಿಂತು ಹೇಳಿದರು: "ಅದ್ದು, ಮೊದಲು ಇಚಿಲಂಪಾಡಿಗೆ ಬಿಡು. ಅಲ್ಲಿ ಸ್ವಲ್ಪ ಹೊತ್ತು. ಮತ್ತೆ ಮನೆಗೆ."

ನಡೆದುಕೊಂಡೇ ಬೆಳ್ಳಾರೆಗೆ ಬಂದಿದ್ದ ತ್ಯಾಂಪಣ್ಣ ಮಾವ ಕೊಡೆಯನ್ನು ನೆಲಕ್ಕೆ ಕುಟ್ಟಿದರು. "ಸೀತು, ನಿನಗೆ ಮಂಡೆ ಸರಿ ಉಂಟಾ? ಡಾಕ್ಟರು ಈಗ ತಾನೇ ಹೇಳಿದ್ದೆಂತ?"

"ಕೇಳಿದೆ ಅಣ್ಣ. ಇಲ್ಲದ ಕಣ್ಣಿನಲ್ಲಿ ಎರಡು ವರ್ಷ ತಿರುಗಿದ್ದೇನೆ. ಹೋದ್ರೆ ಮೊದಲಿದ್ದ ಹಾಗೆ ಆಯ್ತು, ಅಷ್ಟೆ. ತಂಬಿಲಕ್ಕೆ ಇನ್ನು ವಾರ ಕೂಡ ಇಲ್ಲ. ಚೆನ್ನು ಹೋಗುವ ರಸ್ತೆಯಲ್ಲೇ ಅಲ್ವಾ ನಾನು ಹೋಗುದು?"

"ಚಿಕ್ಕಮ್ಮನದ್ದು ಮನೆ ಅಲ್ಲಿ, ಬೇರೆ ಉಪಾಯ ಇಲ್ಲ. ನೀನು ಹೋಗಿ ಮತ್ತೆ ಬರ್ಬೇಕಲ್ಲ!" ಎಂದಳು ದಮಯಂತಿ. ಅಳು ಅವಳಿಗೆ ನಿಷೇಧವಿರಲಿಲ್ಲ. ಅಳುತ್ತಿದ್ದಳು.

"ಸೀತಕ್ಕ, ಅದು ರಸ್ತೆ ಅಲ್ಲ, ನೀರು ಒಣಗಿದ ತೋಡು," ಎಂದ ಅದ್ದು. "ಅಲ್ಲಿ ನನ್ನ ಜೀಪಿನ ಸ್ಪ್ರಿಂಗ್ ಪ್ಲೇಟೇ ತುಂಡಾಗ್ತದೆ. ನಿಮ್ಮ ಹೊಲಿಗೆ ನಿಲ್ತದಾ?"

"ನೀನು ಬಿಡದಿದ್ರೆ ಬಸ್ಸು ಉಂಟು."

ಅವರು ಹೇಳಿದರೆ ಹೋಗುವವರೇ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸ್ವಲ್ಪ ಆಚೆ, ಹಲಸಿನ ಮರದ ನೆರಳಿನಲ್ಲಿ ನಿಂತಿದ್ದ ಬಾಡಿಗೆ ಕಾರಿನಲ್ಲಿ ಚೆನ್ನು ಚಿಕ್ಕಮ್ಮನನ್ನು ಅವರ ಮಗ ಸೀನ ಆಗಲೇ ಕೂರಿಸಿದ್ದ. ಈ ಮಾತೆಲ್ಲ ಅಲ್ಲಿಗೂ ಕೇಳುತ್ತಿತ್ತು. ಕಾರಿನ ಬಾಗಿಲು ತೆರೆದ ಸದ್ದಾಯಿತು. ಚಿಕ್ಕಮ್ಮ ಇಳಿದು, ಮಗನ ಹೆಗಲು ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತ ಜೀಪಿನ ಹತ್ತಿರ ಬಂದರು.

"ಅದ್ದು, ಎದುರಿನ ಸೀಟು ಯಾವ ಬದಿ ಮಗಾ? ಹಿಂದೆ ಕುಲುಕ್ತದೆ."

"ನೀನು ಎಲ್ಲಿಗೆ?" ಎಂದರು ದೊಡ್ಡಮ್ಮ.

"ತರವಾಡಿಗೆ."

"ಹೇಳಿಕೆ ಇಲ್ಲದೆಯಾ?"

"ಹೇಳಿಕೆ ಹೊರಗಿನಿಂದ ಬರುವವರಿಗೆ. ನಾನು ಆ ಮನೆಯಲ್ಲಿ ಹುಟ್ಟಿದವಳು. ತಂಬಿಲ ಕಳೆದು ಕಣ್ಣು ಕೂಡುವವರೆಗೆ ಅಲ್ಲೇ ಇರ್ತೇನೆ. ಈಗ ನೀನು ಇಚಿಲಂಪಾಡಿಗೆ ಹೋಗುದಾದ್ರೆ ಹೋಗು. ಯಾರಿಗೆ ಹೇಳ್ತಿ ನಿನ್ನ ಹೇಳಿಕೆ? ಕಂಬಕ್ಕಾ?"

ಆ ದಿನ ಕಂಬಕ್ಕೆ ಹೇಳಿದ್ದನ್ನು ಚಿಕ್ಕಮ್ಮ ಒಳಗಿನಿಂದ ಪೂರ್ತಿ ಕೇಳಿದ್ದರೆಂದು ದೊಡ್ಡಮ್ಮನಿಗೆ ತಿಳಿದದ್ದು ಆಗಲೇ. ಅಲೀಮಮ್ಮ ಜೀಪಿನ ಹಿಂದಿನಿಂದ ಕೂಗಿದರು: "ಹತ್ತಿ ಮಾರಾಯ್ತಿ, ಬಿಸಿಲಿಗೆ ನನ್ನ ಇನ್ನೊಂದು ಕಣ್ಣೂ ಹೋಗ್ತದೆ!"

ಯೋಚಿಸಿದರೆ ಚಿಕ್ಕಮ್ಮ ಮಾಡಿದ್ದು ಅವರ ಕಣ್ಣಿಗೂ ಸರಿಯಾದ ಕೆಲಸವೇ. ತರವಾಡು ಬೆಳ್ಳಾರೆಗೆ ಹತ್ತಿರ. ಕೊನೆಯ ತುಂಡು ದಾರಿಯನ್ನು ಕಾಲೇಜಿನ ಹುಡುಗರು ಆ ತಿಂಗಳಷ್ಟೇ ಸಮ ಮಾಡಿದ್ದರು. ಆದರೂ ಅದ್ದು ಎಷ್ಟು ನಿಧಾನ ಬಿಟ್ಟನೆಂದರೆ ಕೊಡೆ ಹಿಡಿದು ಹಿಂದೆ ನಡೆಯುತ್ತಿದ್ದ ತ್ಯಾಂಪಣ್ಣ ಮಾವ ಎರಡು ಸಲ ಜೀಪಿಗಿಂತ ಮುಂದಾದರು.

ನಮ್ಮ ಅಂಗಳಕ್ಕೆ ಬಂದ ಮೊದಲ ಜೀಪು ಅದು. ಅಮ್ಮ ಜಗಲಿಗೆ ಬೆಲ್ಲ, ನೀರು ತಂದಿಟ್ಟಳು. ಅಲೀಮಮ್ಮ ತೆಗೆದುಕೊಂಡರು, ಅದ್ದು ತೆಗೆದುಕೊಂಡ, ಸೀನ ತೆಗೆದುಕೊಂಡ. ಚೆನ್ನು ಚಿಕ್ಕಮ್ಮ ತಟ್ಟೆ ಮುಟ್ಟಲಿಲ್ಲ. ಗೋಡೆ ತಡವುತ್ತ ನೇರ ಒಳಗೆ ಹೋಗಿ, ಅಡುಗೆಕೋಣೆಯ ಬಾಗಿಲಲ್ಲಿ ನಿಂತು, "ಬಾವಿಯ ನೀರು ಇನ್ನೂ ಉಂಟಾ, ಬತ್ತಿದೆಯಾ?" ಎಂದು ಕೇಳಿದರು. ಮನೆಯವರು ಮನೆಗೆ ಬಂದರೆ ಬೆಲ್ಲ ಕೊಡುವ ಕ್ರಮವಿಲ್ಲ. ಅಮ್ಮ ತಟ್ಟೆಯನ್ನು ಒಳಗಿಟ್ಟಳು.

ತಂಬಿಲದ ದಿನ ಇಬ್ಬರಿಗೂ ಹೊಗೆಯ ಹತ್ತಿರ ಹೋಗಲು ಬಿಡಲಿಲ್ಲ. ಹಸಿರು ಮರೆ ಕಟ್ಟಿಕೊಂಡು ಜಗಲಿಯಲ್ಲಿ ಗೋಡೆಗೊರಗಿ ಕುಳಿತು, ಬಂದವರಿಗೆಲ್ಲ ಬೆಲ್ಲ, ನೀರು ಕೊಡುವುದೇ ಅವರ ಕೆಲಸ. ಸ್ವರ ಕೇಳಿ ಯಾರೆಂದು ಹೇಳುವುದರಲ್ಲಿ ಇಬ್ಬರಿಗೂ ಪೈಪೋಟಿ. ಕೊಲ್ಲಮೊಗ್ರಿನವರು ಬಂದಾಗ ದೊಡ್ಡಮ್ಮ, "ತಗೊಳ್ಳಿ, ನಮ್ಮಲ್ಲಿ ಬೆಲ್ಲವೇ ಕೊಡುದು, ಹುಳಿ ಅಲ್ಲ" ಎಂದರು. ಕೃಷ್ಣಮೋಹನ ಹೆಂಡತಿ ಮಕ್ಕಳೊಂದಿಗೆ ಬಂದು, "ಚಿಕ್ಕಮ್ಮನಿಗೆ ಕಾರ್ಡು ಹೋಗಿತ್ತಾ?" ಎಂದು ಕೇಳಿ ಇಬ್ಬರಿಂದಲೂ ಬೈಸಿಕೊಂಡ. ಊಟದ ಸಾಲಿನಲ್ಲಿ ಆ ವರ್ಷ ಎಲೆ ಹಾಕಿದ್ದು ದಮಯಂತಿ. ಇಚಿಲಂಪಾಡಿಯ ಎಲೆಯ ಮುಂದೆ ಚಿಕ್ಕಮ್ಮ ಕುಳಿತು ಉಂಡರು. ಪಕ್ಕದಲ್ಲಿದ್ದ ದೊಡ್ಡಮ್ಮ ಊಟದ ನಡುವೆ ಒಮ್ಮೆ ಕೈ ಚಾಚಿ ಆ ಎಲೆಯ ಅಂಚು ಮುಟ್ಟಿ ನೋಡಿದರು.

ಆದರೆ ದೊಡ್ಡಮ್ಮ ಅರ್ಧಕ್ಕೆ ಬಿಡುವವರಲ್ಲ. ಕಣ್ಣು ಕೂಡಿತು, ದಪ್ಪ ಗಾಜಿನ ಕನ್ನಡಕ ಬಂತು, ಮಳೆಗಾಲ ಮುಗಿಯಿತು. ದೀಪಾವಳಿ ಕಳೆದು ರಸ್ತೆ ಒಣಗಿದ ಮೇಲೆ ಅದ್ದುವಿನ ಜೀಪು ಹೇಳಿ, ದಮಯಂತಿಯನ್ನು ಕರೆದುಕೊಂಡು ಇಚಿಲಂಪಾಡಿಗೆ ಹೋದರು. ಕಾಲು ತೊಳೆದು ಜಗಲಿಯಲ್ಲಿ ಕುಳಿತರು. ಚೆನ್ನು ಚಿಕ್ಕಮ್ಮ ಸ್ವತಃ ನೀರು ತಂದಿಟ್ಟರು, ಜೊತೆಗೆ ತುಂಡು ಮಾಡದ ಇಡೀ ಒಂದು ಅಚ್ಚು ಬೆಲ್ಲ. ಅವರಿಗೂ ಅದೇ ಬಗೆಯ ಕನ್ನಡಕ. ಗಾಜಿನ ಹಿಂದೆ ಕಣ್ಣು ಎರಡರಷ್ಟು ದೊಡ್ಡದಾಗಿ ಕಾಣುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ನಿನಗೆ ಇಷ್ಟು ಪ್ರಾಯ ಆದದ್ದು ಯಾವಾಗ ಚೆನ್ನು?"

"ನಿನ್ನದು ಕನ್ನಡಿಯಲ್ಲಿ ನೋಡಿದ್ದೀಯಾ? ಎಮ್ಮೆ ಕಣ್ಣು."

ದೊಡ್ಡಮ್ಮ ಬೆಲ್ಲದ ಮೂಲೆ ಮುರಿದು ಬಾಯಿಗೆ ಹಾಕಿ, ನೀರು ಕುಡಿದು, ಚೆಂಬು ಕೆಳಗಿಟ್ಟು ತಂಗಿಯ ಕಡೆಗೆ ತಿರುಗಿದರು. "ಬರುವ ಬೇಸಗೆಯಲ್ಲಿ ತರವಾಡಿನಲ್ಲಿ ತಂಬಿಲ ಉಂಟು. ದಿನ ಅಣ್ಣ ಇನ್ನೂ ಇಟ್ಟಿಲ್ಲ. ಹಿರಿಯರಿಂದ ಹಿಡಿದು ತೊಟ್ಟಿಲ ಮಗುವಿನವರೆಗೆ ಎಲ್ಲರೂ ಬರ್ಬೇಕು. ನಿಮ್ಮ ಎಲೆ ಹಾಕಿರ್ತದೆ."

"ಬರ್ತೇವೆ," ಎಂದರು ಚಿಕ್ಕಮ್ಮ. ಮತ್ತೆ, ನಗು ತಡೆದುಕೊಂಡು, ಜಗಲಿಯ ತುದಿಗೆ ಕೈ ತೋರಿಸಿದರು. "ಆ ಕಂಬಕ್ಕೂ ಒಂದು ಮಾತು ಹೇಳಿಬಿಡು ಅಕ್ಕ. ಇಲ್ಲದಿದ್ರೆ ಅದಕ್ಕೆ ಬೇಸರ ಆದೀತು."